ಇಪ್ಪತ್ನಾಲ್ಕು ಪುಟಗಳ ಚಿತ್ರಪುಸ್ತಕ ಅಚ್ಚಾಗುವ ತನಕ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಪುಸ್ತಕದ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ನಾನು ಕಥೆ ಬರೆದು, ಕರಾವಳಿ ಕಡೆಯ ಒಬ್ಬ ಹುಡುಗಿ ಚಿತ್ರ ಬರೆದು, ಗದಗಿನಲ್ಲಿ ಅಚ್ಚಾದ ಪುಸ್ತಕ ಅದು. ಶುರು ಮಾಡಿದ ಮೇಲೆ ಎರಡು ಸುಗ್ಗಿ ಕಳೆದವು. ದಾರಿಯಲ್ಲಿ ಯಾರನ್ನು ಕೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಸುಮ್ಮನೆ ಕೂತ ದಿನಗಳು ಬಹಳ. ಕನ್ನಡದಲ್ಲಿ ಮಕ್ಕಳಿಗೆ ಹೊಸ ಚಿತ್ರಪುಸ್ತಕ ತರಬೇಕು ಎಂದುಕೊಂಡವರು ಇನ್ನೂ ಹಲವರು ಇದ್ದಾರೆಂದು ನನಗೆ ಗೊತ್ತು. ನೆನಪು ಹಸಿಯಾಗಿರುವಾಗಲೇ ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಸಂಜೆ ಹೊತ್ತು ನಮ್ಮ ಓಣಿಯ ಮಕ್ಕಳು ಮನೆಗೆ ಬಂದು ಪುಸ್ತಕ ನೋಡುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯದ ಕನ್ನಡ ಪುಸ್ತಕಗಳು, ಚೆನ್ನೈನ ತೂಲಿಕಾದವರ ದ್ವಿಭಾಷಾ ಪುಸ್ತಕಗಳು, ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಅಗ್ಗದ, ಚೆಂದದ ಪುಸ್ತಕಗಳು, ಎಲ್ಲವನ್ನೂ ಕೂಡಿಹಾಕಿದ್ದೇನೆ. ಅವುಗಳಲ್ಲಿ ಹಲವು ನನಗೆ ಗುರುಗಳಿದ್ದಂತೆ. ಆದರೆ ನಮ್ಮ ಭಾಗದ ಕಪ್ಪು ಮಣ್ಣಿನ ಎರೆಹೊಲ, ಹಿಂಗಾರಿ ಜೋಳ, ಚಳಿಗಾಲದ ಸೀತನಿ (ಸುಟ್ಟ ಎಳೆಜೋಳ) ಇವುಗಳನ್ನು ಬಣ್ಣದಲ್ಲಿ ಕಂಡ ಪುಸ್ತಕ ನನ್ನ ಕಪಾಟಿನಲ್ಲಿ ಇರಲಿಲ್ಲ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ಸುಖ ನಮ್ಮ ಮಕ್ಕಳಿಗೆ ಗೊತ್ತು. ಅದು ಪುಸ್ತಕದಲ್ಲೂ ಇರಬಹುದು ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ. ಹಾಗೆ ಬರೆದದ್ದು, ಅಜ್ಜನ ಜೊತೆ ಹೊಲಕ್ಕೆ ಹೋಗಿ ಸೀತನಿ ತಿನ್ನುವ ಮೊಮ್ಮಗಳ ಕಥೆ.

ಮೊದಲು ಹಸ್ತಪ್ರತಿಯನ್ನು ಕೆಲವು ಪ್ರಕಾಶಕರಿಗೆ ಕಳಿಸಿದೆ. ಕೆಲವರಿಂದ ಉತ್ತರವೇ ಇಲ್ಲ. ಉತ್ತರ ಕೊಟ್ಟವರು ಪ್ರೀತಿಯಿಂದಲೇ ಹೇಳಿದರು: ಕಥೆ ಚೆನ್ನಾಗಿದೆ, ಆದರೆ ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿಸುವುದು ನಮ್ಮ ಕೈಲಿ ಆಗದು, ಕಪ್ಪು-ಬಿಳುಪಿನ ರೇಖಾಚಿತ್ರ ಹಾಕಿ ಕಥಾಸಂಕಲನ ಮಾಡೋಣವೇ? ಮೂರು ವರ್ಷದ ಮಗುವಿಗೆ ಕಥಾಸಂಕಲನದಿಂದ ಏನಾಗಬೇಕು? ಒಂದು ಮಳೆಗಾಲವೆಲ್ಲ ಈ ಪತ್ರಗಳಿಗೆ ಕಾಯುವುದರಲ್ಲೇ ಹೋಯಿತು. ಹಸ್ತಪ್ರತಿ ಕಳಿಸುವವರು ‘ಇಷ್ಟು ತಿಂಗಳೊಳಗೆ ತಿಳಿಸದಿದ್ದರೆ ಬೇರೆ ದಾರಿ ನೋಡಿಕೊಳ್ಳುತ್ತೇನೆ’ ಎಂದು ಮೊದಲ ಪತ್ರದಲ್ಲೇ ಬರೆದುಬಿಡಿ. ಅದರಿಂದ ಯಾರಿಗೂ ಬೇಸರ ಆಗುವುದಿಲ್ಲ, ನಿಮ್ಮ ಕಾಲವೂ ಉಳಿಯುತ್ತದೆ. ದೀಪಾವಳಿ ಹೊತ್ತಿಗೆ ನಾನೇ ಪ್ರಕಟಿಸುವುದೆಂದು ತೀರ್ಮಾನಿಸಿದೆ.

ಚಿತ್ರಪುಸ್ತಕಕ್ಕೆ ಹಸ್ತಪ್ರತಿ ಎಂಬುದು ಬರೀ ಬೀಜ. ಅಸಲು ಕೆಲಸ ‘ಡಮ್ಮಿ’ಯಿಂದ ಶುರುವಾಗುತ್ತದೆ. ಆರು ಎ4 ಹಾಳೆ ತೆಗೆದುಕೊಂಡು, ಒಂದರೊಳಗೊಂದು ಇಟ್ಟು ನಡುವೆ ಮಡಿಚಿ ಪಿನ್ ಹೊಡೆದರೆ ಇಪ್ಪತ್ನಾಲ್ಕು ಪುಟದ ಖಾಲಿ ಪುಸ್ತಕ ಆಗುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಮಡಿಯಲ್ಲೇ ಇರಬೇಕು. ಎಂಟರ ಮಡಿಯಲ್ಲಿದ್ದರೆ ಪ್ರೆಸ್ಸಿನವರಿಗೆ ಇನ್ನೂ ಅನುಕೂಲ. ಇಪ್ಪತ್ನಾಲ್ಕು ಅಥವಾ ಮೂವತ್ತೆರಡು ಪುಟದ ಚಿತ್ರಪುಸ್ತಕಗಳೇ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ಮೊದಲ ಪುಟ ಶೀರ್ಷಿಕೆಗೆ ಹೋಯಿತು, ಪ್ರಕಾಶನದ ವಿವರಗಳನ್ನು ರಕ್ಷಾಪುಟದ ಒಳಬದಿಗೆ ಹಾಕಿದೆ, ಕೊನೆಯ ಒಂಟಿ ಪುಟ ಬಿಟ್ಟರೆ ಕಥೆಗೆ ಸಿಕ್ಕಿದ್ದು ಎದುರುಬದುರಿನ ಹನ್ನೊಂದು ಜೋಡಿ ಪುಟ. ನನ್ನ ಮೊದಲ ಕಥೆಯಲ್ಲಿ ಒಂಬೈನೂರಕ್ಕೂ ಹೆಚ್ಚು ಪದಗಳಿದ್ದವು. ಡಮ್ಮಿಯಲ್ಲಿ ಬರೆಯಲು ಕೂತಾಗ ಅಕ್ಷರವೇ ಪುಟ ತುಂಬಿ ಚಿತ್ರಕ್ಕೆ ಜಾಗವೇ ಉಳಿಯಲಿಲ್ಲ.

ಕತ್ತರಿಸುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ಅಜ್ಜ ಕೆಂಪು ಪಟಕಾ ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕುಡಗೋಲು ಹಿಡಿದು, ಇಬ್ಬನಿ ಬಿದ್ದ ದಾರಿಯಲ್ಲಿ ಹೊಲಕ್ಕೆ ಹೊರಟ’ ಎಂದು ಬರೆದಿದ್ದೆ. ಪಟಕಾ, ಕಂಬಳಿ, ಕುಡಗೋಲು, ಇಬ್ಬನಿ ಎಲ್ಲವೂ ಚಿತ್ರದಲ್ಲಿ ಬರುತ್ತವೆ. ಬರಹದಲ್ಲಿ ಉಳಿದದ್ದು ‘ಅಜ್ಜ ಹೊರಟ. ನಾನೂ ಹೊರಟೆ’ ಅಷ್ಟೇ. ಹೀಗೆ ಇಳಿದು ಇಳಿದು ಮುನ್ನೂರು ಪದದ ಒಳಗೆ ಬಂತು. ಪ್ರತಿ ಪದ ಹೊಡೆದು ಹಾಕುವಾಗಲೂ ಸಂಕಟವಾಗುತ್ತಿತ್ತು. ಆದರೆ ಪುಟ ತಿರುಗಿಸುವ ಕ್ಷಣಕ್ಕೆ ಎಷ್ಟು ಶಕ್ತಿ ಇದೆ ಎಂದು ತಿಳಿದದ್ದೂ ಆಗಲೇ. ‘ಹೊಗೆಯೊಳಗಿಂದ ಚಟಪಟ, ಚಟಪಟ…’ ಎಂದು ಬಲಗಡೆ ಪುಟದ ಕೊನೆಯಲ್ಲಿ ನಿಲ್ಲಿಸಿದರೆ ಕೂಸು ತಾನೇ ಕೈಚಾಚಿ ಪುಟ ತಿರುವುತ್ತದೆ. ಅದೇ ಮಾತು ಎಡಗಡೆ ಪುಟದಲ್ಲಿ ಬಂದರೆ ಪಕ್ಕದಲ್ಲೇ ಉತ್ತರ ಕಾಣುತ್ತದೆ, ತಿರುವುವ ಆಸೆಯೇ ಹುಟ್ಟುವುದಿಲ್ಲ.

ಪೆನ್ಸಿಲ್ ಗೀಚಿನ ಆ ಡಮ್ಮಿಯನ್ನೇ ಹಿಡಿದು ಮಕ್ಕಳಿಗೆ ಓದಿ ತೋರಿಸಿದೆ. ಕಲಾವಿದರಿಗೆ ಒಂದು ರೂಪಾಯಿ ಕೊಡುವ ಮೊದಲು ಇದನ್ನು ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓದುವಾಗ ಅವರ ಮುಖ ಎಲ್ಲಿ ಬೇರೆ ಕಡೆ ಹೊರಳಿತು ಎಂದು ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅಜ್ಜ ಜೋಳದ ತಳಿಗಳ ಹೆಸರು ಹೇಳುವ ಒಂದು ಪುಟ ನನಗೆ ಬಹಳ ಇಷ್ಟವಾಗಿತ್ತು. ಪ್ರತಿ ಸಲವೂ ಅಲ್ಲಿಗೆ ಬಂದಾಗ ಮಕ್ಕಳು ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಆ ಪುಟ ಹೋಯಿತು. ಭಾಷೆಯ ವಿಷಯದಲ್ಲಿ ಬಹಳ ಮಂದಿ ಬಹಳ ಸಲಹೆ ಕೊಟ್ಟರು. ಕೊನೆಗೆ ನಿರೂಪಣೆ ಸರಳ ಪುಸ್ತಕದ ಕನ್ನಡದಲ್ಲೂ, ಅಜ್ಜ ಮೊಮ್ಮಗಳ ಮಾತು ನಮ್ಮ ಧಾರವಾಡದ ಮಾತಿನಲ್ಲೂ ಇಟ್ಟೆ. ಮಕ್ಕಳು ಅಜ್ಜನ ಮಾತನ್ನು ತಾವೇ ಎತ್ತಿಕೊಂಡು ಹೇಳತೊಡಗಿದ ಮೇಲೆ ಈ ಚರ್ಚೆ ಅಲ್ಲಿಗೆ ಮುಗಿಯಿತು.

ಚಿತ್ರ ಬರೆಯುವವರನ್ನು ಹುಡುಕುವುದು ಸುಲಭವಲ್ಲ. ಚೆಂದ ಬಿಡಿಚಿತ್ರ ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಒಂದೇ ಹುಡುಗಿಯ ಮುಖವನ್ನು ಹನ್ನೊಂದು ಕಡೆ ಅದೇ ಹುಡುಗಿ ಎನ್ನಿಸುವಂತೆ, ಅಳು, ನಗು, ನಿದ್ದೆ ಎಲ್ಲದರಲ್ಲೂ ಬರೆಯುವವರು ಕಡಿಮೆ. ಅದಕ್ಕೆ ‘ನಿಮ್ಮ ಒಳ್ಳೆಯ ಚಿತ್ರ ಕಳಿಸಿ’ ಎನ್ನುವ ಬದಲು, ಹುಡುಗಿಯ ಬೇರೆ ಬೇರೆ ಭಂಗಿಗಳ ಒಂದು ಹಾಳೆಯನ್ನು ಸಂಬಳ ಕೊಟ್ಟೇ ಬರೆಸಿ ನೋಡಿದೆ. ಹಾಗೆ ಸಿಕ್ಕವಳು ಉಡುಪಿ ಕಡೆಯ ಹುಡುಗಿ, ಚಿತ್ರಕಲಾ ಶಾಲೆ ಮುಗಿಸಿ ಹೆಚ್ಚು ಕಾಲ ಆಗಿರಲಿಲ್ಲ. ಒಟ್ಟು 44,000 ರೂಪಾಯಿಗೆ ಒಪ್ಪಂದವಾಯಿತು: ಮೂರನೇ ಒಂದು ಪಾಲು ಮುಂಗಡ, ಇನ್ನೊಂದು ಪಾಲು ಪೆನ್ಸಿಲ್ ಕರಡು ಒಪ್ಪಿದ ಮೇಲೆ, ಉಳಿದದ್ದು ಬಣ್ಣದ ಚಿತ್ರ ಕೈಸೇರಿದಾಗ.

ಒಪ್ಪಂದ ಎಂದರೆ ಬಾಯಿಮಾತಲ್ಲ. ಇಲ್ಲಿ ತಡೆದು ಹೇಳಲೇಬೇಕು. ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು ಯಾರದು ಎಂಬುದನ್ನು ಊಹೆಗೆ ಬಿಡದೆ ಕಾಗದದಲ್ಲೇ ಸ್ಪಷ್ಟವಾಗಿ ಬರೆದುಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವಹಿಸಿಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಎಂದೂ ಕಾನೂನು ತಿಳಿಯುತ್ತದೆ. ನಾವಿಬ್ಬರೂ ಒಂದೂವರೆ ಪುಟದ ಕಾಗದ ಮಾಡಿಕೊಂಡೆವು. ಪುಸ್ತಕವಾಗಿ ಪ್ರಕಟಿಸುವ ಹಕ್ಕು ನನಗೆ. ಮೂಲ ಚಿತ್ರಗಳು ಅವಳವು. ಬೇರೆ ಭಾಷೆಗೆ ಹೋದರೆ, ಚಿತ್ರಗಳನ್ನು ಬೇರೆ ವಸ್ತುವಿನ ಮೇಲೆ ಅಚ್ಚು ಹಾಕಿದರೆ ಮತ್ತೆ ಮಾತಾಡಿ ಹಣ ಕೊಡಬೇಕು. ಎರಡನೇ ಮುದ್ರಣದಿಂದ ಅವಳಿಗೂ ಗೌರವಧನ. ರಕ್ಷಾಪುಟದ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಅವಳ ಹೆಸರು. ಚಿತ್ರಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಥೆ ಹೇಳುವವರು ಚಿತ್ರಕಾರರು. ಅವರ ಹೆಸರನ್ನು ಒಳಪುಟದ ಮೂಲೆಗೆ ತಳ್ಳುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಮೊದಲ ಕರಡು ಬಂತು. ಹುಡುಗಿ ಮುದ್ದಾಗಿದ್ದಳು, ಅಜ್ಜನ ಮೀಸೆ ಅಜ್ಜನದ್ದೇ ಆಗಿತ್ತು. ಆದರೆ ಹೊಲದ ತುಂಬ ಗೋವಿನಜೋಳ (ಮೆಕ್ಕೆಜೋಳ)! ದಂಟಿನ ನಡುವಿನಿಂದ ದಪ್ಪ ತೆನೆ ಹೊರಟು, ಸಿಪ್ಪೆ ಸುತ್ತಿಕೊಂಡು, ತುದಿಯಲ್ಲಿ ಕೂದಲು ಬಿಟ್ಟಿತ್ತು. ನಮ್ಮ ಬಿಳಿಜೋಳದ ತೆನೆ ದಂಟಿನ ತುದಿಯಲ್ಲಿ ಮುಡಿ ಕಟ್ಟಿದ ಹಾಗೆ ಕೂರುತ್ತದೆ, ಅದಕ್ಕೆ ಸಿಪ್ಪೆ ಇರುವುದಿಲ್ಲ. ಗದ್ದೆ, ತೆಂಗು, ಅಡಿಕೆ ನೋಡಿ ಬೆಳೆದ ಹುಡುಗಿಗೆ ಇದು ಗೊತ್ತಿಲ್ಲದಿರುವುದು ಸಹಜ. ಅಂತರ್ಜಾಲದಲ್ಲಿ ಜೋಳ ಎಂದು ಹುಡುಕಿದರೂ ಎರಡೂ ಬೆರೆತು ಬರುತ್ತವೆ. ಫೋಟೊ ಕಳಿಸಿದೆ, ವಿಡಿಯೊ ಕಳಿಸಿದೆ. ಎರಡನೇ ಕರಡಿನಲ್ಲಿ ತೆನೆ ಸರಿಯಾಯಿತು, ಆದರೆ ನೆಲ ಕೆಂಪಾಗಿತ್ತು. ಬೆಳೆ ಅಜ್ಜನ ಸೊಂಟದಷ್ಟೇ ಎತ್ತರವಿತ್ತು. ಫೋನಿನಲ್ಲಿ ಅವಳ ದನಿ ಬಾಡಿತ್ತು. ‘ಅಕ್ಕಾ, ನನ್ನಿಂದ ಆಗ್ಲಿಕ್ಕಿಲ್ಲವೋ ಏನೋ’ ಎಂದಳು.

ಅವಳನ್ನು ಜನವರಿಯಲ್ಲಿ ಧಾರವಾಡಕ್ಕೆ ಕರೆಸಿಕೊಂಡೆ. ಬಸ್ಸಿನ ಖರ್ಚು, ನಮ್ಮ ಮನೆಯಲ್ಲೇ ಊಟ-ವಸತಿ. ನವಲಗುಂದದ ಕಡೆ ನಮ್ಮ ಪರಿಚಯದವರ ಹೊಲಕ್ಕೆ ಹೋದೆವು. ಎರೆಮಣ್ಣು ಚಳಿಗಾಲದಲ್ಲಿ ಬಿರುಕು ಬಿಡುವ ಬಗೆ, ಆಳೆತ್ತರದ ಜೋಳದೊಳಗೆ ಮಗು ನಿಂತರೆ ಆಕಾಶ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂಬುದು, ಹಕ್ಕಿ ಓಡಿಸುವ ಕವಣೆ, ಎಲ್ಲವನ್ನೂ ಅವಳು ಕೂತು ಬರೆದುಕೊಂಡಳು. ಹೊಲದ ಯಜಮಾನರು ಸೀತನಿ ಸುಟ್ಟರು. ‘ಬರೇ ನೋಡಿದ್ರ ಏನ್ ಬರೀತಿ ತಂಗಿ? ತಿಂದ್ ನೋಡು’ ಎಂದು ಅವಳ ಅಂಗೈಗೆ ಬಿಸಿ ಕಾಳು ಸುರಿದರು. ಅವಳು ಊದಿದಾಗ ಹೊಟ್ಟು ಹಾರಿ ಅವಳ ಕಣ್ಣಿಗೇ ಬಿತ್ತು. ಈಗ ಪುಸ್ತಕದ ಎಂಟನೇ ಜೋಡಿ ಪುಟದಲ್ಲಿ ಕಣ್ಣು ಕಿರಿದು ಮಾಡಿ ನಗುವ ಹುಡುಗಿ ಇದ್ದಾಳಲ್ಲ, ಆ ಚಿತ್ರ ಹುಟ್ಟಿದ್ದು ಅಲ್ಲೇ. ಆ ಪ್ರವಾಸಕ್ಕೆ ಖರ್ಚಾದ ಹಣದಷ್ಟು ಸಾರ್ಥಕವಾದ ಖರ್ಚು ಈ ಇಡೀ ಕೆಲಸದಲ್ಲಿ ಇನ್ನೊಂದಿಲ್ಲ. ನಿಮ್ಮ ಕಥೆ ನಿಮ್ಮ ನೆಲದ್ದಾಗಿದ್ದರೆ, ಚಿತ್ರಕಾರರನ್ನು ಆ ನೆಲಕ್ಕೆ ಕರೆದುಕೊಂಡು ಹೋಗುವ ಖರ್ಚನ್ನು ಮೊದಲ ದಿನವೇ ಲೆಕ್ಕದಲ್ಲಿ ಬರೆದಿಡಿ.

ಅಲ್ಲಿಂದ ಬಣ್ಣದ ಚಿತ್ರಗಳಿಗೆ ಕಾಯುವ ಕಾಲ. ಒಂದೊಂದೇ ಬರುತ್ತಿದ್ದವು, ಬಂದ ದಿನ ಮನೆಯಲ್ಲಿ ಹಬ್ಬ. ಬಂದದ್ದನ್ನು ಕಲರ್ ಜೆರಾಕ್ಸ್ ಮಾಡಿಸಿ ಡಮ್ಮಿಗೆ ಅಂಟಿಸಿ ಮಕ್ಕಳಿಗೆ ತೋರಿಸುತ್ತಿದ್ದೆ. ನಾಲ್ಕು ವರ್ಷದ ಒಬ್ಬಳು ಕೇಳಿದಳು: ‘ಅಮ್ಮನ ಕೈಯಾಗಿನ ಬಳಿ ಎಲ್ಲಿ ಹೋದವು?’ ನೋಡಿದರೆ ನಿಜ, ಒಂದು ಪುಟದಲ್ಲಿ ಹಸಿರು ಬಳೆ ಇದ್ದವು, ಮುಂದಿನ ಪುಟದಲ್ಲಿ ಇರಲಿಲ್ಲ. ಓದು ಬಾರದ ಮಕ್ಕಳು ಚಿತ್ರವನ್ನು ನಾವು ಅಕ್ಷರ ಓದುವಷ್ಟೇ ಎಚ್ಚರದಿಂದ ಓದುತ್ತಾರೆ. ಇನ್ನೊಂದು ವಿಷಯ: ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖ, ಕೈ, ತೆನೆ ಯಾವುದೂ ನಡುವಿನ ಮಡಿಕೆಗೆ ಬರಬಾರದು. ಪಿನ್ ಹೊಡೆದ ಪುಸ್ತಕದಲ್ಲಿ ನಟ್ಟನಡುವಿನ ಜೋಡಿ ಪುಟ ಮಾತ್ರ ಒಂದೇ ಹಾಳೆಯಾಗಿರುತ್ತದೆ. ಉಳಿದ ಜೋಡಿಗಳ ಎಡ ಬಲ ಬೇರೆ ಬೇರೆ ಹಾಳೆಗಳು, ಕೂದಲೆಳೆಯಷ್ಟು ಆಚೀಚೆ ಆಗುವುದು ಸಹಜ. ಸುತ್ತಲೂ ಕತ್ತರಿಸಿ ಹೋಗುವ ಭಾಗಕ್ಕೆಂದು 3 ಮಿಲಿಮೀಟರ್ ಹೆಚ್ಚು ಚಿತ್ರ ಬೇಕು, ಇದನ್ನು ಬ್ಲೀಡ್ ಎನ್ನುತ್ತಾರೆ. ಚಿತ್ರಕಾರರಿಗೆ ಮೊದಲೇ ಹೇಳಿಬಿಡಿ.

ಪುಟವಿನ್ಯಾಸಕ್ಕೆ ಕೊಟ್ಟಾಗ ನಾನು ನಿರೀಕ್ಷಿಸದ ತೊಡಕು ಎದುರಾಯಿತು. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ವಿನ್ಯಾಸ ಮಾಡುವವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತವು, ‘ಅಜ್ಜ’ ಹೋಗಿ ‘ಅಜ್‌ಜ’ ಆಯಿತು. ನಮ್ಮ ಪ್ರೆಸ್ಸುಗಳಲ್ಲಿ ನುಡಿ, ಶ್ರೀಲಿಪಿಯಂಥ ಹಳೆಯ ಪದ್ಧತಿಯ ಅಕ್ಷರಗಳೇ ಇನ್ನೂ ಬಹಳ ಕಡೆ ಬಳಕೆಯಲ್ಲಿವೆ. ಆದರೆ ಯೂನಿಕೋಡ್ ಬಿಡಬೇಕಾಗಿಲ್ಲ. ಇನ್‌ಡಿಸೈನ್‌ನಲ್ಲಿ (ಪುಟವಿನ್ಯಾಸದ ತಂತ್ರಾಂಶ) ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿಕೊಂಡರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಬಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಇವು ಉಚಿತ, ಮುಕ್ತ ಪರವಾನಗಿಯ ಅಕ್ಷರಗಳು. ಪುಸ್ತಕದಲ್ಲಿ ಬಳಸಲು ಯಾರ ಅಪ್ಪಣೆಯೂ ಬೇಡ. ಅಕ್ಷರದ ಅಳತೆ 24 ಪಾಯಿಂಟ್ ಇಟ್ಟೆವು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಜಾಗ ಧಾರಾಳವಾಗಿ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಪ್ರೆಸ್ಸಿಗೆ ಕೊಡುವ ಮುನ್ನ ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡಿಸಿ, ಅಂದರೆ ಚಿತ್ರದಂಥ ಗೆರೆಗಳಾಗಿ ಬದಲಿಸಲು ಹೇಳಿ. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅವು ಒಡೆಯುವುದಿಲ್ಲ. ವಿನ್ಯಾಸಕ್ಕೆ 6,000 ರೂಪಾಯಿ ಆಯಿತು.

ಪುಸ್ತಕದ ಆಕಾರ ಚೌಕವಾಗಿರಲಿ ಎಂದು ನನ್ನ ಆಸೆಯಿತ್ತು, ಎಂಟೂವರೆ ಇಂಚಿನ ಚೌಕ. ಅದೃಷ್ಟಕ್ಕೆ ಚಿತ್ರ ಶುರುವಾಗುವ ಮುನ್ನವೇ ಗದಗಿಗೆ ಹೋಗಿ ಒಂದು ಪ್ರೆಸ್ಸಿನಲ್ಲಿ ವಿಚಾರಿಸಿದ್ದೆ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು, ಪಕ್ಕದಲ್ಲೇ ಇರುವಾಗ ಬೆಂಗಳೂರಿಗೋ ಶಿವಕಾಶಿಗೋ ಹೋಗುವ ಅಗತ್ಯ ಕಾಣಲಿಲ್ಲ. ಯಜಮಾನರು ಒಂದು ಹಾಳೆ ತೆಗೆದು ಮಡಿಚಿ ತೋರಿಸಿದರು. ‘ಅಕ್ಕಾರ, ಚೌಕ ಬ್ಯಾಡ್ರೀ, ಹಾಳಿ ಭಾಳ ವೇಸ್ಟ್ ಆಕ್ಕೈತಿ. ಕ್ರೌನ್ ಒನ್-ಫೋರ್ ಮಾಡ್ರಿ’ ಎಂದರು. 20×30 ಇಂಚಿನ ಹಾಳೆಯನ್ನು ಎಂಟಾಗಿ ಮಾಡಿದರೆ ಪ್ರೆಸ್ಸಿನವರು ಕ್ರೌನ್ 1/4 ಎನ್ನುವ ಅಳತೆ, ಅಂಚು ಕತ್ತರಿಸಿದ ಮೇಲೆ ಸುಮಾರು ಏಳೂಕಾಲು ಒಂಬತ್ತೂವರೆ ಇಂಚು. ಒಂದು ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ, ಹಾಗಾಗಿ ನನ್ನ ಪುಸ್ತಕಕ್ಕೆ ಒಂದೂವರೆ ಹಾಳೆ ಸಾಕು, ಚೂರೂ ವ್ಯರ್ಥವಿಲ್ಲ. ಚಿತ್ರ ಬರೆಸುವ ಮೊದಲು ಪ್ರೆಸ್ಸಿಗೆ ಹೋಗಿ ಬನ್ನಿ. ಚಿತ್ರ ಮುಗಿದ ಮೇಲೆ ಆಕಾರ ಬದಲಿಸುವುದೆಂದರೆ ಎಲ್ಲವನ್ನೂ ಮತ್ತೆ ಬರೆಸಿದ ಹಾಗೆ.

ಒಳಪುಟಕ್ಕೆ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕದ ಅಳತೆ) ಮ್ಯಾಟ್ ಆರ್ಟ್ ಕಾಗದ, ರಕ್ಷಾಪುಟಕ್ಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ಅದಕ್ಕೆ ಮ್ಯಾಟ್ ಲ್ಯಾಮಿನೇಶನ್. ಸಾವಿರ ಪ್ರತಿಗೆ ಅವರು ಹೇಳಿದ್ದು ಸುಮಾರು 36,000, ಎರಡು ಸಾವಿರಕ್ಕೆ 54,000. ಎರಡನೇ ಸಾವಿರಕ್ಕೆ ಇಷ್ಟು ಕಡಿಮೆ ಹೇಗೆ ಎಂದರೆ, ನಾಲ್ಕು ಬಣ್ಣಕ್ಕೆ ನಾಲ್ಕರಂತೆ ಒಳಪುಟಕ್ಕೂ ರಕ್ಷಾಪುಟಕ್ಕೂ ಸೇರಿ ಹದಿನಾರು ಪ್ಲೇಟು (ಅಚ್ಚು ಒತ್ತುವ ಲೋಹದ ತಗಡು) ಬೇಕು. ಆ ಖರ್ಚು, ಯಂತ್ರ ಹೊಂದಿಸುವ ಖರ್ಚು ಎಷ್ಟು ಪ್ರತಿಯಾದರೂ ಒಂದೇ. ಆಮೇಲೆ ಬೆಳೆಯುವುದು ಕಾಗದ, ಕೂಲಿ ಮಾತ್ರ. ನೂರು ಪ್ರತಿ ಸಾಕು ಎನ್ನುವವರಿಗೆ ಡಿಜಿಟಲ್ ಮುದ್ರಣ ಇದೆ, ಆದರೆ ಒಂದೊಂದು ಪ್ರತಿಗೂ ನೂರು ರೂಪಾಯಿ ದಾಟುತ್ತದೆ. ಮಕ್ಕಳ ಚಿತ್ರಪುಸ್ತಕ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಮುದ್ರಣದ ಬಿಲ್ಲಿಗೆ ಇದೆ. ನಾವು ತೆರಿಗೆ ವಸೂಲಿ ಮಾಡದಿರುವುದರಿಂದ ಕೊಟ್ಟ ತೆರಿಗೆ ಹಿಂದೆ ಬರುವುದಿಲ್ಲ. ಅದಕ್ಕೇ ಕೊಟೇಶನ್ ಕೇಳುವಾಗ ‘ತೆರಿಗೆ ಸೇರಿ ಎಷ್ಟು’ ಎಂದೇ ಕೇಳಿ.

ಐಎಸ್‌ಬಿಎನ್ ಬಗ್ಗೆ ಜನರಿಗೆ ಇರುವಷ್ಟು ಹೆದರಿಕೆ ಬೇಕಾಗಿಲ್ಲ. ಅದು ಪ್ರತಿ ಪುಸ್ತಕವನ್ನೂ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಭಾರತದಲ್ಲಿ ಪೂರ್ತಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ. ಲೇಖಕರೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು. ಗುರುತಿನ ಚೀಟಿ, ವಿಳಾಸದ ದಾಖಲೆ, ಪುಸ್ತಕದ ರಕ್ಷಾಪುಟ, ಪ್ರಕಾಶನ ವಿವರದ ಪುಟ ಇಷ್ಟನ್ನು ಸಿದ್ಧ ಇಟ್ಟುಕೊಳ್ಳಿ. ಶೀರ್ಷಿಕೆ, ಲೇಖಕರ ಹೆಸರು ಎಲ್ಲ ದಾಖಲೆಗಳಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಸಂಖ್ಯೆ ಬರಲು ಕೆಲವು ವಾರ ಹಿಡಿಯಬಹುದು ಎಂದು ಎಣಿಸಿಕೊಂಡು, ರಕ್ಷಾಪುಟ ಸಿದ್ಧವಾದ ಕೂಡಲೇ ಹಾಕಿಬಿಡಿ, ಪ್ರೆಸ್ಸಿನ ದಿನಕ್ಕೆ ಕಾಯಬೇಡಿ. ‘ಸಾವಿರ ಕೊಡಿ, ಮಾಡಿಸಿಕೊಡ್ತೀವಿ’ ಎನ್ನುವವರು ನನಗೂ ಫೋನ್ ಮಾಡಿದ್ದರು. ಕೊಡಬೇಡಿ. ಬೇರೆ ಭಾಷೆಯ ಆವೃತ್ತಿಗೆ ಬೇರೆ ಸಂಖ್ಯೆ ಬೇಕು, ಏನೂ ಬದಲಾಗದ ಮರುಮುದ್ರಣಕ್ಕೆ ಬೇಡ. ಹದಿಮೂರು ಅಂಕಿಯ ಬಾರ್‌ಕೋಡನ್ನು ಹಿಂಬದಿಯ ಚಿತ್ರದ ಮೇಲೆ ನೇರ ಹಾಕದೆ ಬಿಳಿ ಚೌಕದಲ್ಲಿ ಕಪ್ಪಾಗಿ ಹಾಕಿ. ಬಣ್ಣದ ಮೇಲೆ ಅಂಗಡಿಯ ಯಂತ್ರಗಳು ಅದನ್ನು ಓದದೆ ಹೋಗಬಹುದು.

ಪ್ರೂಫ್, ಅಂದರೆ ಮುದ್ರಣಕ್ಕೆ ಮುನ್ನ ತೆಗೆಯುವ ಮಾದರಿ ಅಚ್ಚು, ನೋಡಲು ಹೋದ ದಿನ ನನ್ನ ಎದೆ ಒಡೆಯಿತು. ನಸುಕಿನ ಕಿತ್ತಳೆ ಆಕಾಶ ಇಟ್ಟಿಗೆ ಬಣ್ಣವಾಗಿತ್ತು. ಎಳೆ ತೆನೆಯ ಹಸಿರಿನಲ್ಲಿ ಜೀವವೇ ಇರಲಿಲ್ಲ. ಪರದೆಯ ಮೇಲೆ ಬೆಳಕಿನಿಂದ ಕಾಣುವ ಆರ್‌ಜಿಬಿ ಬಣ್ಣಗಳಲ್ಲಿ ಎಷ್ಟೋ ಬಣ್ಣಗಳನ್ನು ನಾಲ್ಕು ಶಾಯಿಯ ಸಿಎಂವೈಕೆಯಲ್ಲಿ ತರಲು ಆಗುವುದೇ ಇಲ್ಲ. ಫೈಲನ್ನು ಯಂತ್ರವೇ ತನಗೆ ತಿಳಿದಂತೆ ಬದಲಿಸಿಕೊಂಡಾಗ ಹೀಗೆ ಆಗುತ್ತದೆ. ಪ್ರೆಸ್ಸಿನ ಹುಡುಗ ಇನ್ನೊಂದನ್ನೂ ತೋರಿಸಿದ: ಅಕ್ಷರದ ಕಪ್ಪು ಕೂಡ ನಾಲ್ಕು ಬಣ್ಣ ಸೇರಿ ಆದ ಕಪ್ಪಾಗಿತ್ತು. ಪ್ಲೇಟು ಸ್ವಲ್ಪ ಸರಿದರೂ ಅಕ್ಷರದ ಅಂಚಿಗೆ ಗುಲಾಬಿ ನೆರಳು ಬೀಳುತ್ತದೆ. ಆ ದಿನ ಮುದ್ರಣ ನಿಲ್ಲಿಸಿದೆವು. ಚಿತ್ರಕಾರ್ತಿ ತನ್ನ ಮೂಲ ಫೈಲುಗಳನ್ನೇ ಸಿಎಂವೈಕೆಗೆ ಬದಲಿಸಿ, ಒಂದೊಂದು ಚಿತ್ರವನ್ನೂ ಕೈಯಾರೆ ಸರಿಪಡಿಸಿದಳು. ಹಸಿರಿನಲ್ಲಿ ಹಳದಿ ಹೆಚ್ಚಿಸಿ, ಆಕಾಶದಲ್ಲಿ ಕಪ್ಪನ್ನು ಪೂರ್ತಿ ತೆಗೆದಳು. ಅಕ್ಷರಗಳನ್ನು ಬರೀ ಕಪ್ಪಿನ ಪ್ಲೇಟಿಗೆ ಹಾಕಿಸಿದೆವು. ಇದರಿಂದ ಇನ್ನೊಂದು ಉಪಕಾರ ಇದೆ. ಮುಂದೆ ಇದೇ ಪುಸ್ತಕ ಮರಾಠಿಗೋ ತೆಲುಗಿಗೋ ಹೋಗಿ ಎರಡೂ ಭಾಷೆಯ ಪ್ರತಿಗಳು ಒಟ್ಟಿಗೆ ಅಚ್ಚಾದರೆ, ಕಪ್ಪಿನ ಪ್ಲೇಟುಗಳನ್ನು ಮಾತ್ರ ಬದಲಿಸಿದರೆ ಸಾಕು.

ಪ್ರೂಫನ್ನು ನಾವು ಒಪ್ಪಿಕೊಳ್ಳುವ ಕಾಗದ ಯಾವುದು ಎಂಬುದೂ ಮುಖ್ಯ. ಹೊಳೆಯುವ ಫೋಟೊ ಕಾಗದದ ಮೇಲಿನ ಪ್ರೂಫ್ ನೋಡಿ ಸಹಿ ಹಾಕಬೇಡಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೇ ಕೇಳಿ. ಮುದ್ರಣದ ದಿನ ನೀವು ಯಂತ್ರದ ಪಕ್ಕ ನಿಲ್ಲುವುದಕ್ಕೆ ಮೊದಲೇ ಒಪ್ಪಿಗೆ ಪಡೆಯಿರಿ. ಮೊದಲ ಹಾಳೆಗಳು ಹೊರಬಂದಾಗ ಯಂತ್ರ ನಡೆಸುವವರು ಶಾಯಿ ಹೆಚ್ಚು ಕಡಿಮೆ ಮಾಡಿ ತೋರಿಸುತ್ತಾರೆ. ಮಕ್ಕಳಿಗೆ ಇಷ್ಟವಾದ ಬೆಂಕಿಯ ಪುಟವನ್ನು ಹಿಡಿದು ಅವರು ‘ಈಗ ಹೆಂಗೈತಿ ನೋಡ್ರಿ’ ಎಂದಾಗ, ಕೆಂಡದೊಳಗೆ ಕಡೆಗೂ ಆ ಕೆಂಪು ಬಂದಿತ್ತು. ನನಗೆ ಮಾತು ಹೊರಡಲಿಲ್ಲ.

ಬೈಂಡಿಂಗ್‌ನಲ್ಲಿ ಎರಡು ಸಣ್ಣ ವಿಷಯ. ಪಿನ್ನಿನ ತುದಿ ಒಳಗೆ ಚಪ್ಪಟೆಯಾಗಿ ಮಡಿಚಿರಬೇಕು, ಪೆಟ್ಟಿಗೆಯಿಂದ ಕೆಲವನ್ನು ತೆಗೆದು ಬೆರಳಾಡಿಸಿ ನೋಡಿ. ಮೂಲೆಗಳನ್ನು ದುಂಡಗೆ ಕತ್ತರಿಸಲು ಸ್ವಲ್ಪ ಹೆಚ್ಚು ಹಣ ಕೇಳುತ್ತಾರೆ, ಪುಟ್ಟ ಮಕ್ಕಳ ಪುಸ್ತಕಕ್ಕೆ ಅದನ್ನು ಕೊಡಿ.

ಪುಸ್ತಕ ಬಂದ ಮೇಲೂ ಒಂದು ಕಾನೂನಿನ ಕೆಲಸ ಇರುತ್ತದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಲ್ಲೇ ಕಳಿಸಬೇಕು. ನಾನು ಅದನ್ನು ಸಂತೋಷದಿಂದ ಮಾಡಿದೆ. ನವಲಗುಂದದ ಹೊಲ ಕೋಲ್ಕತ್ತದ ಕಪಾಟಿನಲ್ಲಿ ಉಳಿಯುತ್ತದಲ್ಲ! ಅಂಚೆಯ ವಿಷಯಕ್ಕೆ ಬಂದರೆ, ಪುಸ್ತಕಗಳನ್ನು ಅಗ್ಗದಲ್ಲಿ ಕಳಿಸುತ್ತಿದ್ದ ಹಳೆಯ ಬುಕ್ ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರೆಲ್ಲ ಕಂಗಾಲಾಗಿದ್ದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಮಿನವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ನನ್ನ ಪುಸ್ತಕದ ತೂಕ ಸುಮಾರು 90 ಗ್ರಾಂ, ತೆಳ್ಳಗಿನ ಲಕೋಟೆಯಲ್ಲಿ ಮೂರು ಪ್ರತಿ 300ರೊಳಗೆ ಬರುತ್ತವೆ. ಅದಕ್ಕೇ ‘ಒಂದರ ಬದಲು ಮೂರು ತರಿಸಿಕೊಳ್ಳಿ, ಅಂಚೆ ವೆಚ್ಚ ಅಷ್ಟೇ’ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಕೌಂಟರಿನಲ್ಲಿ ಈ ಸೇವೆಯ ಹೆಸರನ್ನು ನೀವೇ ಹೇಳಿ ಕೇಳಿ.

ಒಟ್ಟು ಲೆಕ್ಕ ಹೇಳಿಬಿಡುತ್ತೇನೆ, ಯಾರೂ ಹೇಳದ ಕಾರಣಕ್ಕೇ ನಾನು ಬಹಳ ಒದ್ದಾಡಿದ್ದೆ. ಚಿತ್ರ, ವಿನ್ಯಾಸ, ಎರಡು ಸಾವಿರ ಪ್ರತಿಯ ಮುದ್ರಣ, ಓಡಾಟ ಸೇರಿ ಒಂದು ಲಕ್ಷ ಎಂಟು ಸಾವಿರದ ಹತ್ತಿರ ಬಂತು. ಪ್ರತಿಗೆ 54 ರೂಪಾಯಿ. ಬೆಲೆ 100 ಇಟ್ಟೆ. ಅಂಗಡಿಯವರು ಶೇಕಡಾ 35ರಿಂದ 40 ಕಮಿಷನ್ ಕೇಳುತ್ತಾರೆ, ಮಾರಾಟವಾದ ಮೇಲೆ ಹಣ. ಅಂದರೆ ಅಂಗಡಿಯಿಂದ ಕೈಗೆ ಬರುವುದು 60ರಿಂದ 65. ಸಾವಿರ ಪ್ರತಿಯಷ್ಟೇ ಹಾಕಿಸಿದ್ದರೆ ಪ್ರತಿಗೆ 90 ಆಗುತ್ತಿತ್ತು, ಅಂಗಡಿಯ ಪ್ರತಿ ಮಾರಾಟದಲ್ಲೂ ನಷ್ಟ. ನನ್ನ ಬರಹಕ್ಕೆ, ಕಾಲಕ್ಕೆ ಇದರಲ್ಲಿ ಬೆಲೆ ಕಟ್ಟಿಲ್ಲ. ಬೆಲೆಯನ್ನು 150ಕ್ಕೆ ಏರಿಸು ಎಂದವರಿದ್ದಾರೆ. ಅಂಗನವಾಡಿ ಮಕ್ಕಳ ತಾಯಂದಿರು ಸಂತೆಯಿಂದ ಬರುವಾಗ ಕೊಳ್ಳಬಹುದಾದ ಬೆಲೆಯೇ ಇರಬೇಕೆಂದು ನಾನು ಹಠ ಹಿಡಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳ ಆಯ್ಕೆಗೆ ಅರ್ಜಿ ಕರೆಯುತ್ತದೆ, ಅದಕ್ಕೂ ಹಾಕುತ್ತೇನೆ. ಆ ಹಣವನ್ನು ಮಾತ್ರ ಮುದ್ರಣದ ಸಾಲ ತೀರಿಸುವ ಲೆಕ್ಕಕ್ಕೆ ಹಿಡಿಯಬೇಡಿ. ಆಯ್ಕೆಯಾದರೆ ಲಾಭ ಎಂದುಕೊಳ್ಳಿ.

ಈಗ ಹೆಚ್ಚು ಪ್ರತಿಗಳು ಹೋಗುತ್ತಿರುವುದು ಕೈಯಿಂದ ಕೈಗೆ. ನಲಿ-ಕಲಿ ತರಗತಿಯ ಶಿಕ್ಷಕಿಯರು ಐದೈದು ತೆಗೆದುಕೊಂಡು ಹೋಗಿದ್ದಾರೆ. ಸುತ್ತಲಿನ ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಿಗೆ (ಹಳ್ಳಿಯ ಗ್ರಂಥಾಲಯಗಳಿಗೆ) ಎರಡೆರಡು ಪ್ರತಿ ಉಚಿತವಾಗಿ ಕೊಡುತ್ತಿದ್ದೇನೆ. ಕೊಟ್ಟು ಬರುವುದಿಲ್ಲ, ಅಲ್ಲೇ ಮಕ್ಕಳನ್ನು ಕೂಡಿಸಿಕೊಂಡು ಒಮ್ಮೆ ಓದಿ ಬರುತ್ತೇನೆ. ಹಾಗೆ ಓದಿದ ಕಡೆಯಲ್ಲೆಲ್ಲ ಪುಸ್ತಕ ಕಪಾಟಿನ ಬೀಗದೊಳಗೆ ಹೋಗದೆ ಹೊರಗೆ ಉಳಿದಿದೆ.

ನಿಮ್ಮ ಪುಸ್ತಕವೂ ಅಚ್ಚಾಗಿ ಬಂದರೆ ಪೆಟ್ಟಿಗೆಗಳನ್ನು ನೇರ ನೆಲದ ಮೇಲೆ ಇಡಬೇಡಿ, ಧಾರವಾಡದ ಮಳೆಗಾಲದ ತೇವಕ್ಕೆ ಆರ್ಟ್ ಕಾಗದ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಾನು ಹಲಗೆ ಹಾಕಿ, ಗೋಡೆಯಿಂದ ದೂರ ಇಟ್ಟಿದ್ದೇನೆ. ಪ್ರೆಸ್ಸಿನಲ್ಲಿ ಕೊನೆಗೆ ಬಳಸಿದ ಪಿಡಿಎಫ್ ಫೈಲನ್ನು ಬಿಲ್ ಕೊಡುವ ದಿನವೇ ಕೇಳಿ ಪಡೆದುಕೊಳ್ಳಿ. ಅಲ್ಲಿ ಮಾಡಿದ ಕೊನೆಯ ತಿದ್ದುಪಡಿಗಳು ನಿಮ್ಮ ವಿನ್ಯಾಸಕರ ಹತ್ತಿರ ಇರುವುದಿಲ್ಲ, ಪ್ಲೇಟುಗಳನ್ನು ಹೆಚ್ಚು ದಿನ ಇಡುವುದಿಲ್ಲ, ಎರಡನೇ ಮುದ್ರಣಕ್ಕೆ ಆ ಫೈಲೇ ಆಧಾರ.